ಬರ್ತೀನಿ ಅಂದ ತಪ್ಪಿಗೆ

ಅವರನ್ನು ನನ್ನ ಮುತ್ತಜ್ಜಿ ಅಕ್ಕ ಎಂದು ಕರೆಯುತ್ತಿದ್ದಳಂತೆ. ಅಜ್ಜಿಯೂ ಅಕ್ಕ ಎನ್ನುತ್ತಿದ್ದಳು, ಅಮ್ಮನೂ ಅಕ್ಕ ಎನ್ನುತ್ತಿದ್ದಳು, ನಾನೂ ಅಕ್ಕ ಎನ್ನುತ್ತಿದ್ದೆ. ಎರಡನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಬುದ್ಧಿ ಓಡಿಸಿ, ಮುತ್ತಜ್ಜಿಗೇ ಅಕ್ಕ ಆದವರು ನನಗೆ ಅವಳಿಗಿಂತ ದೊಡ್ಡ ಅಜ್ಜಿ ಆಗಬೇಕಲ್ಲ ಎಂದು ಎದುರಿಗೇ ‘ದೊಡ್ಡಜ್ಜಿ’ ಎಂದು ಕರೆದುಬಿಟ್ಟೆ. ಅವರ ಮುಖ ನೋಡಿದರೆ ಮೂವತ್ತೆರಡು, ಹೆಚ್ಚೆಂದರೆ ಮೂವತ್ತಮೂರು. ಅಮ್ಮ ನನ್ನ ತಲೆಗೆ ಮೊಟಕಿದಳು. ಅವರು ಮಾತ್ರ ಸಮಾಧಾನವಾಗಿ, “ಕರೆಯಲಿ, ತಪ್ಪೇನಿದೆ” ಎಂದು ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೊರಟರು. ಊರಿನವರೆಲ್ಲರ ಬಾಯಲ್ಲಿ ಅವರು ಮೇಲಿನಕ್ಕ.

ಮೇಲಿನಕ್ಕ ಇದ್ದದ್ದು ದೊಡ್ಡದರಲ್ಲಿ. ಊರಿನ ನೆತ್ತಿಯ ಮೇಲೆ ಮುನ್ನೂರು ವರ್ಷದಿಂದ ಅಲುಗದೆ ನಿಂತಿದ್ದ ಆ ಹಡಗನ್ನು ನಾವು ಹಡಗು ಎಂದೇನೂ ಕರೆಯುತ್ತಿರಲಿಲ್ಲ, ದೊಡ್ಡದು ಅಷ್ಟೇ. ಈ ಅಂಚಿನ ಕೆಳಗಿನಿಂದ ಆ ಅಂಚಿನ ಕೆಳಗೆ ಹೋಗಲು ನನ್ನ ಗೆಳತಿ ಶಾಹೀನಳ ಸ್ಕೂಟಿಯಲ್ಲಿ ಅರ್ಧ ಗಂಟೆ ಬೇಕಿತ್ತು, ಅದೂ ಅವಳು ಓಡಿಸುವ ಸ್ಪೀಡಿನಲ್ಲಿ. ಬೆಳಿಗ್ಗೆ ಒಂಬತ್ತರವರೆಗೆ ಪೂರ್ವದ ಅಂಚಿನ ಅಡಿಯಿಂದ ಬಿಸಿಲು ಓರೆಯಾಗಿ ನುಗ್ಗುತ್ತಿತ್ತು, ಸಂಜೆ ನಾಲ್ಕರ ಮೇಲೆ ಪಶ್ಚಿಮದ ಅಂಚಿನಿಂದ. ನಡುವೆ ಇಡೀ ಊರಿಗೆ ತಣ್ಣನೆಯ ನೆರಳು. ಸಂಡಿಗೆ ಒಣಗಿಸುವವರು ಬೆಳಿಗ್ಗೆ ಚಾಪೆ ಸುತ್ತಿಕೊಂಡು ಕೋಟೆ ಬೀದಿಗೆ ಓಡುತ್ತಿದ್ದರು, ಸಂಜೆ ಅದೇ ಚಾಪೆ ಹೊತ್ತು ಸಂತೆ ಮೈದಾನಕ್ಕೆ. ಮಳೆ ದೊಡ್ಡದರ ಬೆನ್ನ ಮೇಲೆ ಬಿದ್ದು ಅಂಚುಗಳಿಂದ ಧಾರೆಯಾಗಿ ಇಳಿದು ನಾಲ್ಕು ಕೆರೆ ತುಂಬುತ್ತಿತ್ತು. ನಮ್ಮೂರಿನಲ್ಲಿ ನಿಂತು ಮಳೆಯಲ್ಲಿ ನೆನೆದವರು ಯಾರೂ ಇರಲಿಲ್ಲ. ಆಸೆಯಾದರೆ ಬಸ್ ಹಿಡಿದು ಹೋಗಿ ನೆನೆದು ಬರಬೇಕಿತ್ತು.

ಊರಿಗೆ ಒಂದು ನಿಯಮವಿತ್ತು. ದೊಡ್ಡದರಲ್ಲಿದ್ದ ಮೇಲಿನವರ ಎದುರಿನಿಂದ ಹೊರಡುವಾಗ ಬಾಯಿ ಬಿಡಬಾರದು. ಕೈ ಮುಗಿದು, ಮೂರು ಹೆಜ್ಜೆ ಹಿಂದೆ ಸರಿದು, ತಿರುಗಿ ನಡೆಯಬೇಕು. ಇದನ್ನು ನಮಗೆ ಅಂಗನವಾಡಿಯಲ್ಲಿ ಅಆಇಈಗಿಂತ ಮೊದಲೇ ಕಲಿಸುತ್ತಿದ್ದರು. ಪುರಸಭೆಯ ಗೋಡೆಯ ಮೇಲೆ ಹಳದಿ ಬಣ್ಣದಲ್ಲಿ ಬರೆದಿತ್ತು: ‘ಮೇಲಿನವರಿಗೆ ಹೊರಡುವ ಮಾತು ಆಡತಕ್ಕದ್ದಲ್ಲ.’ ಕೆಳಗೆ ಎಂಬತ್ತೆರಡು ವರ್ಷ ಹಿಂದಿನ ಒಂದು ಇಸವಿ. ಬಣ್ಣ ಮಾಸಿದಾಗಲೆಲ್ಲ ಅದೇ ಅಕ್ಷರಗಳ ಮೇಲೆ ಹೊಸ ಬಣ್ಣ ಬಳಿಯುತ್ತಿದ್ದರು. ಯಾಕೆ ಎಂದು ಕೇಳಿದರೆ ಮೇಷ್ಟ್ರುಗಳು, “ಬರೆದಿದೆಯಲ್ಲ, ಓದೋಕೆ ಬರಲ್ವಾ” ಎನ್ನುತ್ತಿದ್ದರು.

ನಮ್ಮದು ಹಿಟ್ಟಿನ ಗಿರಣಿ. ಅಪ್ಪ ಲಾರಿ ಓಡಿಸಿಕೊಂಡು ಹದಿನೈದು ದಿನಕ್ಕೊಮ್ಮೆ ಮನೆ ಕಾಣುವವರು, ಗಿರಣಿ ಅಮ್ಮನದು. ಪ್ರತಿ ಗುರುವಾರ ಬೆಳಿಗ್ಗೆ ಮೇಲಿನಕ್ಕ ಒಂದು ಡಬ್ಬಿ ಕಾಳು ತರುತ್ತಿದ್ದರು. ಅದು ಅವರಲ್ಲೇ ಬೆಳೆಯುವ ಕಾಳು, ಬೂದಿ ಬಣ್ಣ, ಜಲ್ಲಿಯಷ್ಟು ಗಟ್ಟಿ. ಅದನ್ನು ಬೀಸಿದ ದಿನ ಗಿರಣಿ ಕಲ್ಲು ಸಂಜೆವರೆಗೂ ಕಿರುಗುಡುತ್ತಿತ್ತು. ಅವರಿಗೆ ಕನ್ನಡ ಕಲಿಸಿದ್ದು ನಮ್ಮೂರಿನ ಹಳಬರೇ ಆದರೂ, ಅವರು ಮಾತಾಡಿದರೆ ಪಾಠದ ಪುಸ್ತಕ ಎದ್ದು ಬಂದ ಹಾಗಿರುತ್ತಿತ್ತು. ಒಂದು ಮಾತಿಗೆ ಒಂದೇ ಅರ್ಥ. ಒಮ್ಮೆ ಅಮ್ಮ “ಒಂದ್ನಿಮಿಷ ಇರಿ ಅಕ್ಕ” ಎಂದು ಒಳಗೆ ಹೋದವಳು ಹಾಲು ಉಕ್ಕಿಸಿಕೊಂಡು ತಡ ಮಾಡಿದಳು. ಹೊರಗೆ ಬಂದು ನೋಡಿದರೆ ಬೆಂಚಿನ ಮೇಲೆ ಡಬ್ಬಿ ಮಾತ್ರ ಇತ್ತು. ಅಕ್ಕ ಒಂದು ನಿಮಿಷ ಇದ್ದು ಹೋಗಿದ್ದರು.

ಆ ಗುರುವಾರ ಅಮ್ಮ ಯಾರದೋ ಸೀಮಂತಕ್ಕೆ ಹೋಗಿದ್ದಳು, ಗಿರಣಿ ನನ್ನ ತಲೆಗೆ ಬಿದ್ದಿತ್ತು. ಹತ್ತಕ್ಕೆ ಕಾಲೇಜಿನಲ್ಲಿ ಹಾಲ್ ಟಿಕೆಟ್ ಕೊಡುವುದು ಮುಗಿಯುತ್ತಿತ್ತು. ಒಂಬತ್ತೂ ಮುಕ್ಕಾಲಿಗೆ ಶಾಹೀನ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದಳು. ನನ್ನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅಕ್ಕನ ಡಬ್ಬಿ, ಮೈಯೆಲ್ಲ ಹಿಟ್ಟು. ಡಬ್ಬಿಯನ್ನು ಅವರ ಕೈಗಿಟ್ಟು, ಚಪ್ಪಲಿಗೆ ಕಾಲು ತೂರಿಸುತ್ತಾ, “ಸರಿ ಅಕ್ಕ, ಬರ್ತೀನಿ” ಎಂದು ಓಡಿದೆ.

ಸ್ಕೂಟಿ ತಿರುವು ದಾಟಿದ ಮೇಲೆ ಅವಳ ಭುಜ ಹಿಡಿದೆ. “ಶಾಹೀನಾ, ನಾನು ಬಾಯಿಬಿಟ್ಟೆ ಕಣೆ.”

“ನೀನು ಯಾವಾಗ ಮುಚ್ಚಿದೀಯ?”

“ಅಕ್ಕನಿಗೆ ಬರ್ತೀನಿ ಅಂದ್ಬಿಟ್ಟೆ.”

ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. “ಏನಾಗುತ್ತೆ, ಕೊಂಬು ಬರುತ್ತಾ? ಬಂದ್ರೆ ಬರ್ಲಿ ಬಿಡು, ಹೆಲ್ಮೆಟ್ ಬೇಕಾಗಲ್ಲ.”

ಮುಂದಿನ ಗುರುವಾರ ಅಕ್ಕ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಅಮ್ಮ ಜರಡಿ ಹಿಡಿಯುತ್ತಿದ್ದಳು, ನಾನು ಗಿರಣಿಯ ಬೆಲ್ಟಿಗೆ ಮೇಣ ಹಚ್ಚುತ್ತಿದ್ದೆ. ಅವರು ನೇರವಾಗಿ ನನ್ನ ಬಳಿಗೆ ಬಂದು ನಿಂತರು. ಅಷ್ಟು ವರ್ಷದಲ್ಲಿ ನಾನು ಕಾಣದ ಒಂದು ನಗು ಅವರ ಮುಖದಲ್ಲಿತ್ತು.

“ವೈಜಯಂತಿ, ನಿನ್ನ ಕೋಣೆ ಸಿದ್ಧವಾಗಿದೆ. ಎಂದು ಬರುವೆ?”

“ಯಾವ ಕೋಣೆ ಅಕ್ಕ?”

“ನಮ್ಮಲ್ಲಿ ನಿನ್ನ ಕೋಣೆ. ಬರುತ್ತೇನೆ ಎಂದು ಹೇಳಿದೆಯಲ್ಲ. ಎಂಬತ್ತೆರಡು ವರ್ಷಗಳಿಂದ ಯಾರೂ ಹಾಗೆ ಹೇಳಿರಲಿಲ್ಲ. ನಮಗೆಲ್ಲ ಬಹಳ ಸಂತೋಷವಾಗಿದೆ.”

ಅಮ್ಮ ಜರಡಿ ಕೆಳಗಿಟ್ಟಳು. ನಾನು ನಗಲು ನೋಡಿದೆ. “ಅಯ್ಯೋ ಅಕ್ಕ, ಅದು ಹಂಗಲ್ಲ. ಬರ್ತೀನಿ ಅಂದ್ರೆ ಹೊರಡ್ತೀನಿ ಅಂತ.”

“ಹೊರಡುವವಳು ಹೋಗುತ್ತೇನೆ ಎನ್ನಬೇಕು.”

“ಹೋಗ್ತೀನಿ ಅಂತ ಬಾಯಲ್ಲಿ ಅನ್ನಬಾರ್ದು ಅಕ್ಕ, ಕೆಟ್ಟದು. ವಾಪಸ್ ಬರದೇ ಇರೋರು ಹಂಗನ್ನೋದು. ಅದಕ್ಕೇ ಎಲ್ರೂ ಬರ್ತೀನಿ ಅಂತೀವಿ.”

“ಹೋಗುವಾಗ ಬರುತ್ತೇನೆ ಎನ್ನುವಿರಿ. ಆದರೆ ಬರುವುದಿಲ್ಲ. ಇದನ್ನು ನಾನು ಅರಿಯೆ. ಅವಸರವಿಲ್ಲ. ನೀನು ಬಂದ ದಿನ ಬಾ, ನಾವು ಕಾಯುತ್ತೇವೆ.” ಅವರು ಹೊರಟ ಮೇಲೂ ಕಲ್ಲು ಖಾಲಿ ತಿರುಗುತ್ತಲೇ ಇತ್ತು. ಆರಿಸಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ.

ಸಂಜೆಯೊಳಗೆ ಊರಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ನಾನಿದ್ದೆ. ಮಾರನೆಯ ದಿನ ಪುರಸಭೆ ಅಧ್ಯಕ್ಷರಾದ ತಿಪ್ಪೇಶಪ್ಪನವರು ಇಬ್ಬರು ಸದಸ್ಯರೊಂದಿಗೆ ಗಿರಣಿಗೆ ಬಂದು, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಪೇಟೆ ಸರ್ಕಲ್ಲಿನಲ್ಲಿ ಸನ್ಮಾನ, ಅಲ್ಲಿಂದಲೇ ಮೆರವಣಿಗೆಯಲ್ಲಿ ಬೀಳ್ಕೊಡುಗೆ ಎಂದರು. ಶನಿವಾರಕ್ಕೆ ಫ್ಲೆಕ್ಸ್ ಎದ್ದಿತು. ‘ಚಿರಾಯುಷ್ಯದ ಯಾನಕ್ಕೆ ಹೊರಟ ನಮ್ಮೂರ ಹೆಮ್ಮೆಯ ಪುತ್ರಿ.’ ನನ್ನ ಫೋಟೊ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನದು, ಜ್ವರ ಬಂದಾಗ ತೆಗೆಸಿದ್ದು. ಅಧ್ಯಕ್ಷರ ಫೋಟೊ ಅದರ ನಾಲ್ಕರಷ್ಟು.

“ನಾನು ಹೋಗಲ್ಲ ಸಾರ್” ಎಂದೆ ಅವರಿಗೆ.

“ಮೇಲಿನೋರಿಗೆ ಕೊಟ್ಟ ಮಾತು ಕಣಮ್ಮ, ತಿರುಗಿಸ್ಕೊಳ್ಳೋಕೆ ಅದೇನು ಅಂಗಡಿ ಸಾಮಾನಾ? ಬೇಜಾರಾಗಿ ಅವ್ರು ದೊಡ್ಡದನ್ನ ಎತ್ತಿಕೊಂಡು ಹೊರಟ್ರೆ ಈ ಊರಿನ ನೆರಳು ನೀನು ಕೊಡ್ತೀಯಾ? ಬಾವಿ ತೋಡಿಲ್ಲ, ಮರ ನೆಟ್ಟಿಲ್ಲ. ಮೂವತ್ತು ಸಾವಿರ ಜನ ಇದೀವಿ. ನಿಂಗೇನು ಕಷ್ಟ ಹೇಳು, ಸಾಯದೇ ಇರೋದು ಕಷ್ಟನಾ?”

ಎಲ್ಲರೂ ಅದನ್ನೇ ಕೇಳಿದರು. ಯಾಕೆ ಬೇಡ? ಪ್ರಿನ್ಸಿಪಾಲರು ಕೇಳಿದರು, ಪಕ್ಕದ ಮನೆಯವರು ಕೇಳಿದರು, ಹಾಲು ಹಾಕುವವರು ಕೇಳಿದರು. ಯಾರನ್ನೋ ಪ್ರೀತಿಸುತ್ತಿದ್ದೇನೆ ಎಂದು ಕೆಲವರು ತೀರ್ಮಾನಿಸಿ ಹುಡುಗನ ಹೆಸರನ್ನೂ ಹೇಳಿದರು. ಆ ಹುಡುಗ ಯಾರೆಂದು ನನಗೇ ಗೊತ್ತಿರಲಿಲ್ಲ, ಶಾಹೀನ ಹುಡುಕಿ ತೋರಿಸಿದಳು. “ಪರವಾಗಿಲ್ಲ ಕಣೆ, ಆದ್ರೆ ಇವನಿಗೋಸ್ಕರ ಸಾಯೋದು ಬೇಡ” ಎಂದಳು.

ಇವರೆಲ್ಲರಿಗೂ ಉತ್ತರ ಕೊಡಬಹುದಿತ್ತು. ಅಮ್ಮನಿಗೆ ಕೊಡುವುದೇ ಕಷ್ಟವಾಯಿತು. ಅವಳು ಅಳಲಿಲ್ಲ, ಬಯ್ಯಲಿಲ್ಲ, ಗಿರಣಿ ಮುಚ್ಚಿ ನನ್ನ ಪಕ್ಕ ಮೂಟೆಯ ಮೇಲೆ ಕೂತಳು.

“ಎಲ್ಲ ತಾಯಂದ್ರೂ ನೂರು ವರ್ಷ ಬಾಳು ಅಂತಾರೆ, ಬಾಯಿ ಮಾತಿಗೆ. ನಂಗೆ ಅದು ನಿಜವಾಗ್ಲೂ ಸಿಕ್ಕಿದೆ ಕಣೆ. ನಿಂಗೆ ಜ್ವರ ಬರಲ್ಲ, ಆಕ್ಸಿಡೆಂಟ್ ಆಗಲ್ಲ, ಮುಪ್ಪಾಗಲ್ಲ. ಅದನ್ನ ಬೇಡ ಅಂತ ನಾನು ಹೆಂಗನ್ನಲಿ?”

“ನೀನು ಅನ್ಬೇಡ. ನಾನಂತೀನಿ.”

“ಯಾಕೆ ಅಂತ ಒಂದು ಮಾತು ಹೇಳು. ಒಪ್ಕೋತೀನಿ.”

ನಾನು ನಿಜವಾಗಿ ಯೋಚಿಸಿದೆ. ಹೇಳಲು ದೊಡ್ಡದೇನೂ ಸಿಗಲಿಲ್ಲ. ನನಗೆ ಡಾಕ್ಟರ್ ಆಗುವ ಕನಸಿರಲಿಲ್ಲ, ಅಕೌಂಟೆನ್ಸಿಯಲ್ಲಿ ಎರಡು ಸಲ ಫೇಲಾಗಿದ್ದೆ. “ಕಾರಣ ಇಲ್ಲಮ್ಮ. ಇಷ್ಟ ಇಲ್ಲ. ಇಷ್ಟ ಇಲ್ಲ ಅನ್ನೋಕೆ ಕಾರಣ ಬೇಕಾ?”

“ಬೇಕು” ಎಂದಳು ಅಮ್ಮ. “ಸಾಯ್ತೀನಿ ಅನ್ನೋಳಿಗೆ ಬೇಕು.”

ಆ ರಾತ್ರಿ ಅಪ್ಪ ಯಾವುದೋ ಡಾಬಾದಿಂದ ಫೋನ್ ಮಾಡಿದರು. ಹಿಂದೆ ಲಾರಿಗಳ ಸದ್ದು. “ನಿಂಗೆ ಇಷ್ಟ ಇದೆಯಾ?” ಎಂದರು. “ಇಲ್ಲಪ್ಪ” ಎಂದೆ. “ಸರಿ ಹಂಗಾದ್ರೆ” ಎಂದು ಇಟ್ಟುಬಿಟ್ಟರು. ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಗುರುವಾರ ಅಕ್ಕ ಬಂದಾಗ ನಾನೇ ಬಾಗಿಲಲ್ಲಿ ನಿಂತಿದ್ದೆ. ನಿಮ್ಮ ದೊಡ್ಡವರ ಜೊತೆ ಮಾತಾಡಬೇಕು, ಮೇಲೆ ಕರೆದುಕೊಂಡು ಹೋಗಿ ಎಂದೆ. ಶಾಹೀನ ನನ್ನ ದುಪಟ್ಟಾ ಹಿಡಿದೆಳೆದಳು. “ನೀನು ಹತ್ತಿದ ಕೂಡ್ಲೆ ‘ಬಂದ್ಲು’ ಅಂತ ಬಾಗಿಲು ಹಾಕ್ಕೊಂಡ್ರೆ ಏನೇ ಮಾಡ್ತೀಯ?” ಅವಳು ಹೇಳಿದ್ದು ಸರಿಯಿತ್ತು. ಅಕ್ಕನ ಜೊತೆ ಅಕ್ಕನ ಹಾಗೇ ಮಾತಾಡಬೇಕಿತ್ತು. ಪರೀಕ್ಷೆಯಲ್ಲಿ ಬರೆಯುವಂತೆ ಒಂದೊಂದೇ ಪದ ಹುಡುಕಿ ಹೇಳಿದೆ: “ನಾನು ನೋಡಲು ಮಾತ್ರ ಹತ್ತುತ್ತೇನೆ. ಇರಲು ಅಲ್ಲ. ಇಂದು ಸಂಜೆ ನಾಲ್ಕು ಗಂಟೆಗೆ ನನ್ನನ್ನು ಹತ್ತಿದ ಜಾಗಕ್ಕೇ ತಂದು ಬಿಡಬೇಕು. ಮಾತು ಕೊಡಿ.”

“ಕೊಟ್ಟೆ” ಎಂದರು ಅಕ್ಕ.

ತರಕಾರಿ ಮಾರ್ಕೆಟ್ಟಿನ ಹಿಂದೆ ಅವರ ತೊಟ್ಟಿಲು ಇಳಿಯುತ್ತಿತ್ತು. ತೊಟ್ಟಿಲು ಎಂದರೆ ನಮ್ಮ ಹೆಸರು, ನೋಡಲು ಅದು ಬಾಯಗಲದ ಕೊಪ್ಪರಿಗೆಯ ಹಾಗಿತ್ತು. ಹತ್ತಿ ನಿಂತ ಮೇಲೆ ಕಾಲಿನ ಕೆಳಗೆ ಊರು ಚಿಕ್ಕದಾಗುತ್ತಾ ಹೋಯಿತು. ಫ್ಲೆಕ್ಸಿನಲ್ಲಿದ್ದ ಅಧ್ಯಕ್ಷರ ಮುಖ ಎಲ್ಲಕ್ಕಿಂತ ಕೊನೆಗೆ ಮಾಯವಾಯಿತು, ಅಷ್ಟು ದೊಡ್ಡದಾಗಿ ಹಾಕಿದ್ದರು.

ಮೇಲೆ ಏನೇನಿತ್ತು ಎಂದು ಈಗಲೂ ಎಲ್ಲರೂ ಕೇಳುತ್ತಾರೆ. ನಾನು ನೋಡಿದ್ದು ಒಂದೇ ಓಣಿ. ಉದ್ದಕ್ಕೂ ಎರಡೂ ಬದಿ ಬಾಗಿಲುಗಳು. ಪ್ರತಿ ಬಾಗಿಲ ಮೇಲೆ ಒಂದು ಹೆಸರು, ಅದರ ಕೆಳಗೆ ‘ಬರುತ್ತೇನೆ’ ಎಂಬ ಪದ, ಅದರ ಕೆಳಗೆ ಒಂದು ತಾರೀಖು. ಒಳಗೆ ಹಾಸಿಗೆ, ಮಡಿಸಿದ ಹೊದಿಕೆ, ತಂಬಿಗೆ ತುಂಬ ನೀರು. ಬೆರಳು ಅದ್ದಿ ನೋಡಿದೆ, ತಣ್ಣಗಿತ್ತು, ಅಂದೇ ತುಂಬಿಸಿದ್ದು. ಬಳೆಗಾರ ಸೂರಯ್ಯ. ಸೂಲಗಿತ್ತಿ ಮಲ್ಲವ್ವ. ಕುಂಬಾರ ಕೆಂಚಣ್ಣ. ನನ್ನ ಮುತ್ತಜ್ಜಿ, ಬೀಸುಕಲ್ಲಿನ ನಿಂಗಮ್ಮ. ಒಟ್ಟು ನಲವತ್ತೊಂದು ಬಾಗಿಲು. ನಲವತ್ತನೆಯದು ಪುರಸಭೆಯ ಮೊದಲ ಅಧ್ಯಕ್ಷ ಶಂಕರಲಿಂಗಯ್ಯನವರದು. ಅದರ ಮೇಲಿದ್ದ ಇಸವಿ ಪುರಸಭೆ ಗೋಡೆಯ ಮೇಲಿನದೇ. ಕೊನೆಯದು ನನ್ನದು. ಒಳಗೆ ಮೇಜಿನ ಮೇಲೆ ಒಂದು ಫೋನ್ ಚಾರ್ಜರ್ ಇತ್ತು. ಅಕ್ಕ ಅದನ್ನು ಎಲ್ಲಿಂದ ತರಿಸಿದ್ದರೋ.

ಓಣಿಯ ತುದಿಯಲ್ಲಿ ಅವರ ಹಿರಿಯರು ಕಾದಿದ್ದರು. ಹಿರಿಯರೆಂದು ಅಕ್ಕ ಹೇಳಿದ್ದರಿಂದ ನಂಬಿದೆ, ನೋಡಲು ನಮ್ಮ ಕಾಲೇಜಿನ ಗೆಸ್ಟ್ ಲೆಕ್ಚರರ್ ಥರ ಇದ್ದರು. ಅವರ ಹಿಂದೆ ಇನ್ನೂ ಬಹಳ ಜನ, ಎಲ್ಲರದೂ ಅದೇ ವಯಸ್ಸು. ನಾನು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

“ನೀನು ಮೊದಲು ಬಂದೆ. ಉಳಿದವರು ಎಂದು ಬರುತ್ತಾರೆ? ಅವರೆಲ್ಲರೂ ಹತ್ತಿದ ಕೂಡಲೇ ನಾವು ಹೊರಡಬೇಕು. ನಮ್ಮ ದಾರಿ ಇನ್ನೂ ಬಹಳ ಇದೆ.”

ನಾನು ಬಾಗಿಲುಗಳ ಮೇಲಿನ ತಾರೀಖುಗಳ ಕಡೆ ತಿರುಗಿ ನೋಡಿದೆ. “ನೀವು ಮುನ್ನೂರು ವರ್ಷದಿಂದ ನಿಂತಿರೋದು ಇವ್ರಿಗೋಸ್ಕರನಾ?”

“ಬರುತ್ತೇನೆ ಎಂದು ಹೇಳಿದವರನ್ನು ಬಿಟ್ಟು ಹೋಗುವುದು ಹೇಗೆ?”

“ಇವ್ರು ಯಾರೂ ಬರಲ್ಲ. ಎಲ್ಲ ತೀರ್ಕೊಂಡಿದಾರೆ.”

“ಗೊತ್ತು” ಎಂದರು ಅಕ್ಕ ಪಕ್ಕದಿಂದ. “ನಾನು ಕೇಳಿದಾಗಲೆಲ್ಲ ಅವರ ಮನೆಯವರು ಹಾಗೆಯೇ ಹೇಳಿದರು, ತೀರಿಕೊಂಡರು ಎಂದು. ಅವರು ತೀರಿಸಿಕೊಳ್ಳಬೇಕಾದ ಕೆಲಸವೆಲ್ಲ ತೀರಿತೆಂದು ತಿಳಿದೆವು. ಹಾಗಾದರೆ ಇನ್ನು ಬರಬಹುದಲ್ಲ? ಕೆಲವರು ಕೈಲಾಸಕ್ಕೆ ಹೋದರೆಂದರು, ಕೆಲವರು ದೇವರ ಪಾದ ಸೇರಿದರೆಂದರು. ನಿನ್ನ ಮುತ್ತಜ್ಜಿ ಎಲ್ಲಿ ಎಂದು ಕೇಳಿದಾಗ ನಿನ್ನ ತಾಯಿ, ದೇವರ ಹತ್ತಿರ ಹೋದರು ಎಂದಳು. ದೂರವೆ ಎಂದು ಕೇಳಿದೆ. ಅವಳು ಅತ್ತಳು. ಬಹಳ ದೂರವೆಂದು ತಿಳಿದೆ.”

ನಮ್ಮೂರು ಇಷ್ಟು ವರ್ಷ ಇವರ ಹತ್ತಿರ ಎಷ್ಟು ಚೆಂದದ ಮಾತುಗಳನ್ನು ಆಡಿತ್ತು. ಒಬ್ಬರಾದರೂ ಆ ಒಂದು ಒರಟು ಪದವನ್ನು ಆಡಿರಲಿಲ್ಲ. ಹಿರಿಯರ ಬಗ್ಗೆ ಹಾಗೆ ಅನ್ನಬಾರದೆಂದು ನನ್ನನ್ನೂ ಬೆಳೆಸಿದ್ದರು. ನಾನು ಮೊದಲ ಬಾಗಿಲಿಗೆ ಹೋದೆ. ಹೆಸರು ಓದಿ, “ಸೂರಯ್ಯ ಸತ್ತಿದ್ದಾರೆ” ಎಂದೆ. ಎರಡನೆಯದಕ್ಕೆ ಹೋಗಿ, “ಮಲ್ಲವ್ವ ಸತ್ತಿದ್ದಾರೆ. ಉಸಿರು ನಿಂತಿತು, ಮಣ್ಣು ಮಾಡಿದರು, ಆ ಮೈ ಈಗ ಇಲ್ಲ” ಎಂದೆ. ಅಕ್ಕ ನನ್ನ ಹಿಂದೆಯೇ ಬಂದರು. ಹತ್ತನೆಯ ಬಾಗಿಲ ಹೊತ್ತಿಗೆ ಅವರ ಹೆಜ್ಜೆ ನಿಂತಿತು. ನಾನು ನಿಲ್ಲಲಿಲ್ಲ. “ನಿಂಗಮ್ಮ ಸತ್ತಿದ್ದಾಳೆ” ಎನ್ನುವಾಗ ಬಾಗಿಲ ಮೇಲಿನ ಹೆಸರನ್ನು ಮುಟ್ಟಿದೆ, ನಾನು ಆಕೆಯನ್ನು ನೋಡಿಯೂ ಇರಲಿಲ್ಲ. “ಶಂಕರಲಿಂಗಯ್ಯ ಸತ್ತಿದ್ದಾರೆ. ಅವರಿಗೆ ನೀವು ಯಾಕೆ ನಿಂತಿದ್ದೀರ ಅಂತ ಗೊತ್ತಾಗಿತ್ತು. ಹೇಳಲಿಲ್ಲ. ಇನ್ಯಾರಾದರೂ ಬರ್ತೀನಿ ಅಂದು ಇಲ್ಲಿಗೆ ಹತ್ತಿ ನಿಮಗೆ ನಿಜ ಹೇಳಿಬಿಟ್ಟಾರು, ನೀವು ಹೊರಟುಬಿಟ್ಟೀರಿ ಅಂತ ಗೋಡೆ ಮೇಲೆ ಬರೆಸಿದರು.”

ನಲವತ್ತು ಮುಗಿದ ಮೇಲೆ ಆ ಹಿರಿಯರು, “ಹಾಗಾದರೆ ನಾವು ಯಾರಿಗಾಗಿ ನಿಂತಿದ್ದೇವೆ?” ಎಂದರು.

“ಈಗ ನನಗೊಬ್ಬಳಿಗೆ.”

“ನೀನು ಸತ್ತಿಲ್ಲ.”

“ಇಲ್ಲ. ಆದರೆ ನಾನೂ ಬರುವುದಿಲ್ಲ. ಬರುತ್ತೇನೆ ಎಂದದ್ದು ನಾನೇ. ಅದಕ್ಕೆ ನೀವು ತಿಳಿದ ಅರ್ಥ ಇರಲಿಲ್ಲ. ಈಗ ಅರ್ಥ ತಿಳಿದೇ ಹೇಳುತ್ತಿದ್ದೇನೆ, ಬರುವುದಿಲ್ಲ.”

“ಇಲ್ಲಿ ಸಾವಿಲ್ಲ.”

“ಗೊತ್ತು.”

“ಸಾಯಲು ನಿನಗೆ ಹೆದರಿಕೆ ಇಲ್ಲವೆ?”

“ತುಂಬಾ ಇದೆ. ಆದರೂ ಬರುವುದಿಲ್ಲ.”

“ಕಾರಣ?”

“ನನಗೆ ಇಷ್ಟವಿಲ್ಲ.”

ಅವರು ಆ ಪದವನ್ನು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು. ನಮ್ಮೂರಿನವರೆಲ್ಲ ಆ ಮಾತಿನ ಹಿಂದೆ ಏನಿದೆ ಎಂದು ಅಗೆದು ನೋಡಿದ್ದರು. ಒಂದು ಮಾತಿಗೆ ಒಂದೇ ಅರ್ಥವಿರುವ ಈ ಜನಕ್ಕೆ ಅದು ಸಾಕಾಯಿತು. “ತಿಳಿಯಿತು” ಎಂದರು. ಯಾರೋ ಬಂದು ನನ್ನ ಬಾಗಿಲ ಮೇಲಿನ ಹೆಸರು ಅಳಿಸಿದರು. ನಾಲ್ಕು ಗಂಟೆಗೆ ಸರಿಯಾಗಿ ನಾನು ಮಾರ್ಕೆಟ್ಟಿನ ಹಿಂದೆ ಸೊಪ್ಪಿನ ರಾಶಿಯ ಪಕ್ಕ ಇಳಿದೆ.

ಅಮ್ಮನಿಗೂ ಶಾಹೀನಳಿಗೂ ಎಲ್ಲ ಹೇಳಿದೆ. “ಅವತ್ತು ನಾನು ಅಳ್ತಾ ಏನೋ ಅಂದಿದ್ದೆ” ಎಂದಳು ಅಮ್ಮ. “ಅಕ್ಕ ಅದನ್ನ ನಿಜ ಅಂತ ಇಟ್ಕೊಂಡಿದ್ರಾ?” ಆಮೇಲೆ ಎದ್ದು ಹೋಗಿ ಗಿರಣಿಯ ಕಲ್ಲು ಬಿಚ್ಚಿ ಗುಡಿಸತೊಡಗಿದಳು. ಅದು ಗುಡಿಸುವ ದಿನವೇನೂ ಆಗಿರಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕ ಬಂದರು. ಹಿಂದೊಮ್ಮೆ ಬಿಟ್ಟುಹೋಗಿದ್ದ ಖಾಲಿ ಡಬ್ಬಿಯೊಂದು ನಮ್ಮ ಅಟ್ಟದ ಮೇಲಿತ್ತು, ಅದನ್ನು ಕೇಳಿ ತೆಗೆದುಕೊಂಡರು. ಅಮ್ಮ ತೊಳೆದು ಒರೆಸಿ ಕೊಟ್ಟಳು. ಅಕ್ಕ ಬಾಗಿಲಲ್ಲಿ ನಿಂತು ತಿರುಗಿ ನೋಡಿ, “ಹೋಗುತ್ತೇವೆ” ಎಂದರು.

“ಹಂಗನ್ನಬಾರ್ದು ಅಕ್ಕ” ಎಂದಳು ಅಮ್ಮ, ಅಭ್ಯಾಸದಿಂದ.

“ನಾವು ಮತ್ತೆ ಈ ಕಡೆ ಬರುವುದಿಲ್ಲ, ಸುಲೋಚನಾ. ಇಲ್ಲದ್ದನ್ನು ಹೇಳಿ ನಿನ್ನನ್ನು ಕಾಯಿಸಲಾರೆ.”

ಅಮ್ಮ ಕೈ ಮುಗಿಯಲು ಹೋದವಳು ಮುಗಿಯದೆ ಅವರ ಭುಜ ಮುಟ್ಟಿದಳು. ಮುನ್ನೂರು ವರ್ಷದಲ್ಲಿ ಯಾರಾದರೂ ಅವರನ್ನು ಮುಟ್ಟಿದ್ದರೋ ಇಲ್ಲವೋ. ಅಕ್ಕ ಆ ಕೈಯನ್ನು ನೋಡಿ ನಡೆದರು.

ಭಾನುವಾರ ಪೇಟೆ ಸರ್ಕಲ್ಲಿನಲ್ಲಿ ವೇದಿಕೆ, ಕುರ್ಚಿ, ಹಣ್ಣಿನ ಬುಟ್ಟಿ ಎಲ್ಲ ಸಜ್ಜಾಗಿತ್ತು. ಪೆಂಡಾಲ್ ಹಾಕಿರಲಿಲ್ಲ, ನಮ್ಮೂರಿನಲ್ಲಿ ಯಾರೂ ಹಾಕುತ್ತಿರಲಿಲ್ಲ. ನಾನು ಹೋದೆ. ಹೋಗದಿದ್ದರೆ ಹೆದರಿದೆ ಎನ್ನುತ್ತಿದ್ದರು. ಹತ್ತೂವರೆಗೆ ತಿಪ್ಪೇಶಪ್ಪನವರು ಶಾಲು ಬಿಚ್ಚುತ್ತಿರುವಾಗ ನೆಲ ಸಣ್ಣಗೆ ನಡುಗಿತು. ಎಲ್ಲರೂ ಮೇಲೆ ನೋಡಿದರು. ದೊಡ್ಡದು ಹೊರಟಿತ್ತು. ಸದ್ದಿಲ್ಲ, ಬೆಂಕಿಯಿಲ್ಲ, ಬಾಗಿಲು ಸರಿಸಿದ ಹಾಗೆ ಅದು ಊರಿನ ಮೇಲಿಂದ ಸರಿಯುತ್ತಾ ಹೋಯಿತು. ಅದರ ಹಿಂದಿನ ಅಂಚು ಕೋಟೆ ಬೀದಿ ದಾಟಿತು, ಬಸ್‌ಸ್ಟ್ಯಾಂಡ್ ದಾಟಿತು, ನಮ್ಮ ತಲೆಯ ಮೇಲಿಂದ ದಾಟಿತು. ಅಂಚಿನ ಬೆನ್ನಿಗೇ ಬಿಸಿಲು ನಡೆದು ಬಂತು. ಮಕ್ಕಳು ಕೂಗಿಕೊಂಡು ಅಂಗಡಿಗಳೊಳಗೆ ಓಡಿದರು. ಅರ್ಧ ಗಂಟೆಯಲ್ಲಿ ಆಕಾಶ ಖಾಲಿಯಾಗಿ, ನೀಲಿಯಾಗಿ, ನೋಡಲು ಕಣ್ಣು ಸೋಲುವಷ್ಟು ದೊಡ್ಡದಾಗಿ ಉಳಿಯಿತು.

ಎಲ್ಲರ ಕಣ್ಣು ಕೆಳಗಿಳಿದು ನನ್ನ ಮೇಲೆ ಬಂತು. ನಾನು ಮೈಕ್ ತೆಗೆದುಕೊಂಡೆ. ಓಣಿ, ಬಾಗಿಲು, ಹೆಸರು, ತಂಬಿಗೆ ನೀರು, ಎಲ್ಲ ಹೇಳಿದೆ. ಅವರು ಯಾಕೆ ನಿಂತಿದ್ದರು, ನಾನು ಏನು ಹೇಳಿ ಕಳಿಸಿದೆ, ಅದನ್ನೂ ಹೇಳಿದೆ. ಗುಂಪಿನಿಂದ ಯಾರೋ, “ಅಧ್ಯಕ್ಷರೇ, ಇದು ನಿಮಗೆ ಗೊತ್ತಿತ್ತಾ?” ಎಂದು ಕೇಳಿದರು.

ತಿಪ್ಪೇಶಪ್ಪನವರು ತಲೆ ತಗ್ಗಿಸುತ್ತಾರೆ ಎಂದುಕೊಂಡಿದ್ದೆ. ಅವರು ಎದೆ ಎತ್ತಿದರು. “ಗೊತ್ತಿತ್ತು. ಈ ಕುರ್ಚಿಲಿ ಕೂತೋರ್ಗೆಲ್ಲ ಗೊತ್ತಿತ್ತು, ಒಬ್ರು ಇಳಿವಾಗ ಇನ್ನೊಬ್ರ ಕಿವಿಲಿ ಹೇಳಿ ಇಳೀತಿದ್ವಿ. ಬಾಯಿ ಮುಚ್ಕೊಂಡು ಎಂಬತ್ತೆರಡು ವರ್ಷ ನಿಮ್ಮ ತಲೆ ಮೇಲೆ ನೆರಳು ಇಟ್ಟೋರು ನಾವು. ಒಂದು ವಾರದಲ್ಲಿ ತೆಗೆದೋಳು ಇವಳು. ಇವಳೊಬ್ಳು ಸುಮ್ನೆ ಹೋಗಿ ಆ ಕೋಣೇಲಿ ಕೂತಿದ್ರೆ, ಉಳಿದ ನಲವತ್ತು ಜನಕ್ಕೆ ಕಾಯ್ತಾ ಅವ್ರು ಇನ್ನೂ ಮುನ್ನೂರು ವರ್ಷ ನಿಂತಿರೋರು.”

ಜನ ಅವರ ಕಡೆ ತಿರುಗಲಿಲ್ಲ, ನನ್ನ ಕಡೆಯೇ ತಿರುಗಿದರು. ಸಂಡಿಗೆ ಮಾಡುವ ಹೆಂಗಸೊಬ್ಬಳು, “ನಮ್ಮ ಕೆರೆ ಗತಿ ಏನವ್ವ?” ಎಂದಳು. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. “ಮಳೆ ಬೀಳುತ್ತಲ್ಲ ಅಕ್ಕ, ಎಲ್ಲ ಊರಿಗೂ ಬೀಳೋ ಹಾಗೆ” ಎಂದೆ. “ಬಿಸಿಲು?” ಎಂದಳು. ನಾನು ಮೈಕ್ ಕೆಳಗಿಟ್ಟೆ.

“ಊರಿನ ಕ್ಷಮೆ ಕೇಳು” ಎಂದರು ಅಧ್ಯಕ್ಷರು. “ಇಲ್ಲೇ, ಈಗ್ಲೇ. ಕೇಳೋವರೆಗೂ ನೀನು ಇಲ್ಲಿಂದ ಕದಲೋ ಹಾಗಿಲ್ಲ, ನಾವೂ ಕದಲಲ್ಲ.”

“ಕೇಳಲ್ಲ ಸಾರ್. ಯಾರನ್ನೋ ನಿಲ್ಲಿಸ್ಕೊಂಡು ಅವ್ರ ನೆರಳಲ್ಲಿ ಕೂತಿದ್ವಿ. ನೀವು ನನ್ನೂ ಅಲ್ಲೇ ನಿಲ್ಲಿಸೋಕೆ ಹೊರಟ್ರಿ. ನಾನು ಕೇಳಲ್ಲ.”

ಅಮ್ಮ ಗುಂಪು ಸರಿಸಿಕೊಂಡು ಬಂದು ವೇದಿಕೆ ಹತ್ತಿದಳು. ನನ್ನ ಪಕ್ಕ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮೂಟೆ ಎತ್ತುವಾಗ ಸಿಕ್ಕಿಸಿಕೊಳ್ಳುವ ಹಾಗೆ.

ಸೂರ್ಯ ನೆತ್ತಿಗೆ ಬಂದ. ನೆತ್ತಿಗೆ ಬಂದ ಸೂರ್ಯನನ್ನು ನಮ್ಮೂರಿನ ನಡುವೆ ನಿಂತು ಯಾರೂ ನೋಡಿರಲಿಲ್ಲ. ಟಾರು ಮೆತ್ತಗಾಗಿ ಚಪ್ಪಲಿಗೆ ಅಂಟತೊಡಗಿತು. ಮೊದಲು ವಯಸ್ಸಾದವರು ಹೊರಟರು, ಆಮೇಲೆ ಮಕ್ಕಳ ತಾಯಂದಿರು, ಆಮೇಲೆ ನನ್ನ ಕಡೆ ಬೆರಳು ತೋರಿಸುತ್ತಲೇ ಗಂಡಸರು ಒಬ್ಬೊಬ್ಬರಾಗಿ ಅಂಗಡಿ ಸೂರಿನ ಕೆಳಗೆ ಸರಿದರು. ಸದಸ್ಯರಿಬ್ಬರು ಹಣ್ಣಿನ ಬುಟ್ಟಿಯನ್ನು ಹಾಳಾಗದಂತೆ ಎತ್ತಿಕೊಂಡು ಹೋದರು. ಶಾಹೀನ ಸ್ಕೂಟಿಯ ಸೀಟಿನ ಮೇಲೆ ಕೂರಲಾಗದೆ ಪಕ್ಕದಲ್ಲಿ ನಿಂತಿದ್ದಳು. ಕೊನೆಗೆ ವೇದಿಕೆಯ ಮೇಲೆ ನಾನು, ಅಮ್ಮ, ಎದುರಿಗೆ ಬೋಳು ತಲೆ ಕೆಂಪಾದ ತಿಪ್ಪೇಶಪ್ಪನವರು. ಬೆವರು ಅವರ ಹುಬ್ಬಿನಿಂದ ಕನ್ನಡಕದ ಮೇಲೆ ಇಳಿಯುತ್ತಿತ್ತು. ನನಗೂ ಕಣ್ಣು ಕತ್ತಲೆ ಬರುತ್ತಿತ್ತು, ತುಟಿ ಒಣಗಿ ಅಂಟಿಕೊಂಡಿತ್ತು.

ಬಹಳ ಹೊತ್ತಿನ ಮೇಲೆ ಅವರು ಶಾಲು ಮಡಿಸಿ ಕುರ್ಚಿಯ ಮೇಲಿಟ್ಟರು.

“ಸಾಕು, ಹೋಗಮ್ಮ ಮನೆಗೆ” ಎಂದರು.

“ನೀವು ಮೊದ್ಲು ಹೋಗಿ ಸಾರ್” ಎಂದೆ.